ಕಾತ್ಯಾಯನಿಯನ್ನು ಬದುಕಿಸಿದ ಹುಡುಗಿ

ಕಳೆದ ವರ್ಷ ಸಂಚಿಕೆಗೆ ಬಂದ ಬರಹಗಳನ್ನು ಆರಿಸಲು ನಾವು 5 ಮಂದಿ ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಕೂತಿದ್ದೆವು. ಪ್ರೇಮಕವಿತೆ 18, ಊರಿನ ನೆನಪು 6, ಲೋಕಲ್ ಗಾಡಿಯ ನೂಕುನುಗ್ಗಲಿನ ಮೇಲೆ ಹಾಸ್ಯಲೇಖನ 4. ಪ್ರತಿ ವರ್ಷದ ಬೆಳೆ ಇದೇ. ಇವುಗಳ ಮಧ್ಯೆ ಮೊದಲನೆಯ ವರ್ಷದ ಹುಡುಗಿಯೊಬ್ಬಳ ಕತೆ ಇತ್ತು. 12 ಪುಟ, ದುಂಡನೆಯ ಅಕ್ಷರ. ಭೈರಪ್ಪನವರ ‘ವಂಶವೃಕ್ಷ’ದ ಕಾತ್ಯಾಯನಿ ಆ ಕತೆಯಲ್ಲಿ ಸಾಯುವುದಿಲ್ಲ. ಕಾಯಿಲೆಯಿಂದ ಎದ್ದು, ಒಂದು ಟ್ರಂಕು ಹಿಡಿದುಕೊಂಡು ಮುಂಬಯಿಗೆ ಬರುತ್ತಾಳೆ. ಫೋರ್ಟಿನಲ್ಲಿ ಹೋಟೆಲು ಹುಡುಗರು ಕಲಿಯುವ ಕನ್ನಡ ರಾತ್ರಿಶಾಲೆಯೊಂದರಲ್ಲಿ ಟೀಚರಾಗುತ್ತಾಳೆ. ಕೊನೆಯ ಪುಟದಲ್ಲಿ ಅವಳ ಮಗನಿಂದ ಒಂದು ಕಾಗದ ಬರುತ್ತದೆ. ಕಾಗದದಲ್ಲಿ ಏನಿದೆ ಎಂದು ಹುಡುಗಿ ಬರೆದಿರಲಿಲ್ಲ.

ನಾವು ನಕ್ಕೆವು. “ಎಂತ ಮಾರಾಯ್ರೆ ಇದು! ಭೈರಪ್ಪನವರು ಸಾಯಿಸಿದವಳನ್ನು ಇವಳು ಎಬ್ಬಿಸಿ ವೀಟಿ ಸ್ಟೇಷನ್ನಿನಲ್ಲಿ ಇಳಿಸಿದ್ದಾಳಲ್ಲ!” ಎಂದರೊಬ್ಬರು. “ಸ್ವಂತ ಪಾತ್ರ ಸಿಗದವರು ಕಂಡವರ ಪಾತ್ರಕ್ಕೆ ಕೈ ಹಾಕ್ತಾರೆ” ಎಂದರು ಇನ್ನೊಬ್ಬರು. ಕತೆ ಬದಿಗೆ ಹೋಯಿತು. ಅವಳನ್ನು ಕರೆದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ಏನಾದರೂ ಸ್ವಂತದ್ದು ಬರಿಯಮ್ಮಾ” ಎಂದೆ.

“ಇದು ಸ್ವಂತದ್ದೇ ಅಕ್ಕಾ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಶ್ರೋತ್ರಿಗಳಿಗೆ ಕೊನೆಗೆ ಎಲ್ಲಾ ಸತ್ಯ ಗೊತ್ತಾಗ್ತದೆ. ಸಂನ್ಯಾಸಕ್ಕೆ ಹೋಗ್ಲಿಕ್ಕೆ ಅವರಿಗೊಂದು ದಾರಿ ಉಂಟು. ಕಾತ್ಯಾಯನಿಗೆ ಮಾತ್ರ ಸಾಯುವುದು ಬಿಟ್ರೆ ಬೇರೆ ದಾರಿ ಇಲ್ವಾ?” ಎಂದು ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲದಿದ್ದರೂ ಹಿರಿಯ ವಿದ್ಯಾರ್ಥಿನಿಯ ಗತ್ತಿನಲ್ಲಿ ಏನೋ ಎರಡು ಮಾತು ಹೇಳಿದೆ. ಅವಳು ಪುಟಗಳನ್ನು ಮಡಿಸಿಕೊಂಡು ಹೋದಳು. ಆಮೇಲೆ ಸಂಘದ ಯಾವ ಸಭೆಗೂ ಬರಲಿಲ್ಲ.

ಮಿತ್ರರೆ, ಅಂದು ನಾವು ನಕ್ಕಿದ್ದು ತಪ್ಪು ಎಂದು ಹೇಳುವುದಕ್ಕೇ ಈ ಲೇಖನ. ಅಭಿಮಾನಿಗಳು ಇನ್ನೊಬ್ಬರು ಸೃಷ್ಟಿಸಿದ ಪಾತ್ರಗಳನ್ನು ಯಾಕೆ ಮತ್ತೆ ಮತ್ತೆ ತಮ್ಮ ಕೈಯಾರೆ ಬರೆಯುತ್ತಾರೆ? ಕೆಲಸವಿಲ್ಲದ್ದಕ್ಕೆ, ಕಲ್ಪನೆ ಇಲ್ಲದ್ದಕ್ಕೆ ಎಂಬುದು ನಮ್ಮ ಸಿದ್ಧ ಉತ್ತರ. ನನಗೀಗ ಹಾಗೆ ಅನ್ನಿಸುವುದಿಲ್ಲ. ಓದುಗನಿಗೆ ಕತೆಯೊಡನೆ ಒಂದು ಜಗಳ ಇರುತ್ತದೆ. ಪ್ರೀತಿ ಇದ್ದಲ್ಲಿ ಮಾತ್ರ ಬರುವ ಜಗಳ. ಅದನ್ನು ವಿಮರ್ಶೆಯಾಗಿ ಬರೆದರೆ ನಾವು ಗೌರವದಿಂದ ಓದುತ್ತೇವೆ. ಕತೆಯಾಗಿ ಬರೆದರೆ ನಗುತ್ತೇವೆ.

ಮೊದಲು ಒಂದು ಹಳೆಯ ಉದಾಹರಣೆ ನೋಡೋಣ. 1893ರ ಡಿಸೆಂಬರಿನಲ್ಲಿ ಲಂಡನ್ನಿನ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್‌ಲೆಂಡಿನ ಒಂದು ಜಲಪಾತಕ್ಕೆ ಕೆಡವಿ ಕೈ ತೊಳೆದುಕೊಂಡ. ಅವನಿಗೆ ಐತಿಹಾಸಿಕ ಕಾದಂಬರಿ ಬರೆಯುವ ಆಸೆ. ಹೋಮ್ಸ್ ಅದಕ್ಕೆ ಅಡ್ಡ ಬರುತ್ತಿದ್ದ. ಆದರೆ ಓದುಗರು ಒಪ್ಪಲಿಲ್ಲ. ಸಿಟ್ಟಿನ ಕಾಗದಗಳು ಬಂದವು, ಎಷ್ಟೋ ಜನ ಪತ್ರಿಕೆಯ ಚಂದಾ ನಿಲ್ಲಿಸಿದರು. ಕೊನೆಗೆ 1903ರಲ್ಲಿ ಕರ್ತೃವೇ ಸೋತು, ಹೋಮ್ಸ್ ಸತ್ತೇ ಇರಲಿಲ್ಲ ಎಂದು ಕತೆ ಹೆಣೆದು ಅವನನ್ನು ವಾಪಸು ಕರೆತರಬೇಕಾಯಿತು. ಯೋಚಿಸಿ ನೋಡಿ, ಕಾತ್ಯಾಯನಿ ಸಾಯಲಿಲ್ಲ ಎಂದು ನಮ್ಮ ಹುಡುಗಿ ಬರೆದರೆ ನಗು ಬರುತ್ತದೆ. ಹೋಮ್ಸ್ ಸಾಯಲಿಲ್ಲ ಎಂದು ಡಾಯ್ಲ್ ಬರೆದರೆ ಸಾಹಿತ್ಯ ಚರಿತ್ರೆಯಾಗುತ್ತದೆ.

ಡಾಯ್ಲ್‌ನ ವಿಷಯದಲ್ಲೇ ಇನ್ನೊಂದು ಸಂಗತಿ. ಅಮೆರಿಕದ ನಟ ವಿಲಿಯಂ ಜಿಲೆಟ್ ಹೋಮ್ಸ್‌ನನ್ನು ರಂಗಕ್ಕೆ ತರಲು ಹೊರಟು, ನಾಟಕದಲ್ಲಿ ಅವನಿಗೆ ಮದುವೆ ಮಾಡಿಸಬಹುದೇ ಎಂದು ತಂತಿ ಕಳಿಸಿ ಕೇಳಿದನಂತೆ. ಮದುವೆಯಾದರೂ ಮಾಡಿಸು, ಕೊಂದಾದರೂ ಹಾಕು, ನಿನ್ನಿಷ್ಟ ಎಂಬರ್ಥದ ಉತ್ತರ ಬಂತು. ನಾಟಕ 1899ರಲ್ಲಿ ಅಮೆರಿಕದಲ್ಲಿ ರಂಗಕ್ಕೆ ಬಂತು. ಪಾತ್ರ ಒಮ್ಮೆ ಊರಿಗೆ ಕಾಲಿಟ್ಟ ಮೇಲೆ ಬರೆದವನ ಮನೆಯಲ್ಲೇ ಕೂರುವುದಿಲ್ಲ ಎಂದು ಆ ಮನುಷ್ಯನಿಗೆ ತಿಳಿದಿತ್ತೋ, ಅಥವಾ ಹೋಮ್ಸ್‌ನ ಕಾಟ ಸಾಕಾಗಿತ್ತೋ, ನಿಮಗೆ ಬೇಕಾದಂತೆ ತಿಳಿದುಕೊಳ್ಳಿ.

ಅಭಿಮಾನಿಗಳೇ ಕತೆ ಬರೆದು, ತಾವೇ ಅಚ್ಚು ಹಾಕಿ, ತಮ್ಮೊಳಗೇ ಹಂಚಿಕೊಳ್ಳುವ ಪದ್ಧತಿ ಇಂದು ನಾವು ಕಾಣುವ ರೂಪಕ್ಕೆ ಬಂದದ್ದು ಮುಖ್ಯವಾಗಿ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕನ್ ಟೆಲಿವಿಷನ್ ಮಾಲೆಯಿಂದ. 1966ರಲ್ಲಿ ಶುರುವಾಗಿ 1969ರಲ್ಲಿ ನಿಂತಿತು. ಒಟ್ಟು 79 ಕಂತು. ಆಕಾಶನೌಕೆಯೊಂದರಲ್ಲಿ ಕರ್ಕ್ ಎಂಬ ಕ್ಯಾಪ್ಟನ್, ಅವನ ಜೊತೆ ಸ್ಪಾಕ್ ಎಂಬ ಅಧಿಕಾರಿ. ಸ್ಪಾಕ್‌ನ ತಂದೆ ಬೇರೆ ಗ್ರಹದವನು, ತಾಯಿ ಭೂಮಿಯವಳು. ಮನಸ್ಸಿನಲ್ಲಿ ಏನಿದ್ದರೂ ಮುಖದಲ್ಲಿ ತೋರಿಸಬಾರದೆಂದು ಬೆಳೆದವನು. ಎರಡು ಕಡೆಯವನೂ ಹೌದು, ಯಾವ ಕಡೆಯವನೂ ಅಲ್ಲ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷ್ ಆಡುವ ನಮಗೆ ಈ ಸ್ಪಾಕ್‌ನ ಪಾಡು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1967ರಲ್ಲಿ ಈ ಮಾಲೆಗೇ ಮೀಸಲಾದ ಮೊದಲ ಅಭಿಮಾನಿ ಪತ್ರಿಕೆ ‘ಸ್ಪಾಕನೇಲಿಯಾ’ ಹೊರಬಂತು. ಅದನ್ನು ಹೊರತಂದವರು ಇಬ್ಬರು ಹೆಂಗಸರು. ಹೇಗೆ ಅಚ್ಚಾಯಿತು ಗೊತ್ತೆ? ನಿಮ್ಮ ಕೈಯಲ್ಲಿರುವ ಈ ಸಂಚಿಕೆಯ ಹಾಗೆಯೇ ಸ್ಟೆನ್ಸಿಲ್ ಕೊರೆದು, ಮಸಿ ಹಚ್ಚಿ, ಹಿಡಿಕೆ ತಿರುಗಿಸಿ. ಸ್ಪಾಕ್‌ನ ಪಾತ್ರ ಮಾಡಿದ ಲೆನಾರ್ಡ್ ನಿಮಾಯ್ ಬರೆದ ಒಂದು ಕಾಗದವೂ ಮೊದಲ ಸಂಚಿಕೆಯಲ್ಲಿತ್ತು. ಆಮೇಲೆ ಅಂಥ ಪತ್ರಿಕೆಗಳು ಒಂದರ ಹಿಂದೆ ಒಂದು ಬಂದವು. ಬರೆದವರಲ್ಲಿ ಹೆಚ್ಚಿನವರು ಹೆಂಗಸರು: ಟೀಚರುಗಳು, ಲೈಬ್ರರಿಯವರು, ಮನೆಯಲ್ಲಿರುವವರು, ವಿದ್ಯಾರ್ಥಿನಿಯರು.

ಹೆಂಗಸರೇ ಯಾಕೆ? ಆ ನೌಕೆಯಲ್ಲಿ ಹೆಂಗಸರು ಇದ್ದರು, ಆದರೆ ಅವರಿಗೆ ಮಾಡಲು ಕೆಲಸ ಕಡಿಮೆ. ಉಹುರಾ ಎಂಬ ಕರಿಯ ಮಹಿಳಾ ಅಧಿಕಾರಿಯನ್ನು ತೋರಿಸಿದ್ದು ಆ ಕಾಲದ ಅಮೆರಿಕದಲ್ಲಿ ಸಣ್ಣ ಮಾತಲ್ಲ. ಆದರೂ ಬಹುಪಾಲು ಕಂತುಗಳಲ್ಲಿ ಅವಳು ಸಂದೇಶ ಕಳಿಸುವ ಯಂತ್ರದ ಮುಂದೆ ಕೂತು ಕಿವಿಗೆ ಕೈ ಹಚ್ಚಿಕೊಂಡಿರುತ್ತಾಳೆ. ನೋಡುವ ಹೆಂಗಸರಿಗೆ ಆ ನೌಕೆ ಬೇಕಿತ್ತು. ಅದರಲ್ಲಿ ತಮಗೊಂದು ಜಾಗವೂ ಬೇಕಿತ್ತು. ಮಾಲೆ ಬರೆಯುವವರು ಕೊಡಲಿಲ್ಲ, ತಾವೇ ಬರೆದುಕೊಂಡರು. ಕರ್ಕ್ ಮತ್ತು ಸ್ಪಾಕ್ ನಡುವಿನ ಸ್ನೇಹವನ್ನು ಪ್ರೇಮವೆಂದೇ ಓದಿ ಬರೆದ ಕತೆಗಳೂ 1970ರ ದಶಕದಲ್ಲಿ ಬಂದವು. ಬೇರೆಲ್ಲೂ ಹೇಳಲಾಗದ ಮಾತನ್ನು ಆಡಲು ಅವರಿಗೆ ಆ ಎರಡು ಪಾತ್ರಗಳ ಮರೆ ಸಿಕ್ಕಿತು.

ಅಲ್ಲೂ ನಗು ಇದ್ದೇ ಇತ್ತು. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಭಿಮಾನಿ ಒಂದು ಪುಟ್ಟ ಅಣಕ ಬರೆದಳು. ಅದರ ನಾಯಕಿ ಮೇರಿ ಸೂ, ಹದಿನೈದೂವರೆ ವರ್ಷದ ಲೆಫ್ಟಿನೆಂಟು. ಎಲ್ಲರೂ ಅವಳನ್ನು ಮೆಚ್ಚುತ್ತಾರೆ, ಎಲ್ಲ ಕೆಲಸವೂ ಅವಳಿಗೆ ಬರುತ್ತದೆ, ಕೊನೆಗೆ ಎಲ್ಲರ ಕಣ್ಣೀರಿನ ನಡುವೆ ಸಾಯುತ್ತಾಳೆ. ತಮ್ಮನ್ನೇ ನಾಯಕಿ ಮಾಡಿಕೊಂಡು ಬರೆಯುತ್ತಿದ್ದ ಹುಡುಗಿಯರನ್ನು ಕುರಿತು, ಒಳಗಿನವಳೇ ಮಾಡಿದ ತಮಾಷೆ ಅದು. ಆದರೆ ಆ ಹೆಸರು ಮುಂದೆ ಹೊರಗಿನವರ ಕೈಯಲ್ಲಿ ಒಂದು ಬೆತ್ತವಾಯಿತು. ಹುಡುಗಿ ಬರೆದ ನಾಯಕಿ ಸ್ವಲ್ಪ ಚುರುಕಾಗಿದ್ದರೆ ಸಾಕು, ಮೇರಿ ಸೂ ಎಂದು ಒಂದೇಟು. ಹತ್ತು ಜನರನ್ನು ಒಂದೇ ಗುದ್ದಿಗೆ ಕೆಡವಿ, ಹಾಡಿ ಕುಣಿದು, ಕೊನೆಗೆ ಜಿಲ್ಲಾಧಿಕಾರಿಯೂ ಆಗಿಬಿಡುವ ಸಿನಿಮಾ ನಾಯಕನಿಗೆ ಮಾತ್ರ ನಾವು ಶಿಳ್ಳೆ ಹೊಡೆಯುತ್ತೇವೆ. ನಮ್ಮ ಕ್ಯಾಂಟೀನ್ ಕೋಣೆಯ ನಗುವಿನಲ್ಲಿಯೂ ಇದೇ ಬೆತ್ತ ಇತ್ತೋ ಏನೋ ಎಂದು ಈಗ ಅನುಮಾನ ಬರುತ್ತದೆ.

ಸೈಕ್ಲೋಸ್ಟೈಲ್ ಹಾಳೆಯಿಂದ ಇದು ಬಹಳ ದೂರ ನಡೆದು ಬಂದಿದೆ. ಅಭಿಮಾನಿಗಳೇ ಸೇರಿ 2007ರಲ್ಲಿ ಲಾಭಕ್ಕಲ್ಲದ ಒಂದು ಸಂಸ್ಥೆ ಕಟ್ಟಿದರು. 2009ರಲ್ಲಿ ಇಂಥ ಕತೆಗಳಿಗಾಗಿಯೇ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಭಂಡಾರ ತೆರೆದರು. ಇವತ್ತು ಅದರಲ್ಲಿ ಒಂದು ಕೋಟಿಗೂ ಮಿಕ್ಕಿ ಬರಹಗಳಿವೆ. ಓದಲು ಕಾಸಿಲ್ಲ, ಬರೆದವರಿಗೂ ಕಾಸಿಲ್ಲ. 2019ರಲ್ಲಿ ವಿಜ್ಞಾನ ಕತೆಗಳ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಈ ಭಂಡಾರಕ್ಕೆ ಸಂದಿತು. ದುಡ್ಡಿಲ್ಲದೆ ಇಷ್ಟು ಜನ ಬರೆಯುತ್ತಾರೆಂದರೆ ಏನೋ ಒಂದು ಸಿಗುತ್ತಿರಬೇಕು. ಸಿಗುವುದು ಜೊತೆ ಎಂದು ನನ್ನ ಲೆಕ್ಕ. ನಿನ್ನೆ ಬರೆದದ್ದನ್ನು ಇವತ್ತೇ ಓದಿ, ಇಲ್ಲಿ ಸ್ಪಾಕ್ ಹೀಗೆ ಮಾತಾಡುವುದಿಲ್ಲ ಎಂದು ಹೇಳುವ ಇನ್ನೊಬ್ಬರು ಇರುತ್ತಾರೆ. ಪಾತ್ರದ ಪರಿಚಯ ಮಾಡಿಕೊಡುವ ಶ್ರಮವಿಲ್ಲ, ಎಲ್ಲರಿಗೂ ಗೊತ್ತು; ನೇರವಾಗಿ ಮಾತಿಗೇ ಇಳಿಯಬಹುದು. ಈಜು ಕಲಿಯುವವನಿಗೆ ಸೊಂಟಕ್ಕೆ ಕಟ್ಟಿದ ಒಣ ತೆಂಗಿನಕಾಯಿ ಇದ್ದ ಹಾಗೆ.

ಇದೆಲ್ಲ ಪರದೇಶದ ಹುಚ್ಚು, ನಮಗೇಕೆ ಎನ್ನುವವರನ್ನು ನಾನು ಒಂದು ರಾತ್ರಿ ತಾಳಮದ್ದಳೆಗೆ ಕರೆದುಕೊಂಡು ಹೋಗಲು ಸಿದ್ಧ. ಕರಾವಳಿಯಿಂದ ಬಂದವರು ಈ ಮುಂಬಯಿಗೂ ಹೊತ್ತು ತಂದ ಕಲೆ ಅದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮಾತ್ರ ಗೊತ್ತಾದದ್ದು, ಅರ್ಥ ಅರ್ಥಧಾರಿಯದು. ವಾಲಿ ಬಾಣ ತಿಂದು ಬೀಳುವುದನ್ನು ಯಾರೂ ತಪ್ಪಿಸುವಂತಿಲ್ಲ, ಆದರೆ ಬಿದ್ದ ಮೇಲೆ ರಾಮನಿಗೆ ಏನು ಕೇಳುತ್ತಾನೆ ಎಂಬುದು ಆ ರಾತ್ರಿಯ ಅರ್ಥಧಾರಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ವಾಲ್ಮೀಕಿಯ ವಾಲಿ ಎನ್ನುವುದಿಲ್ಲ. ಪಾತ್ರದ ಪರವಾಗಿ ವಕೀಲಿ ಮಾಡುವ ಈ ವಿದ್ಯೆಗೆ ನಾವು ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಕಾತ್ಯಾಯನಿಯ ಪರವಾಗಿ ವಕೀಲಿ ಮಾಡಿದವಳನ್ನು ಮನೆಗೆ ಕಳಿಸಿದೆವು.

ಪುಸ್ತಕಗಳಿಗೇ ಬರೋಣ. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಕತೆಯನ್ನು ತಿರುಗಿಸಿದರು; ರಾಮನ ಬಾಣ ಶಂಬೂಕನನ್ನು ಕೊಲ್ಲುವುದಿಲ್ಲ. ಹಳೆಯ ಕತೆಯನ್ನು ಹೀಗೆ ತಿದ್ದಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಇಬ್ಬರು ದೊಡ್ಡವರ ಆ ವಾದ ನಮ್ಮ ಸಾಹಿತ್ಯದಲ್ಲಿ ಇಂದಿಗೂ ಮುಗಿದಿಲ್ಲ. ಇನ್ನು ಸ್ವತಃ ಭೈರಪ್ಪನವರು? 1979ರ ‘ಪರ್ವ’ದಲ್ಲಿ ವ್ಯಾಸರ ಪಾತ್ರಗಳನ್ನೆಲ್ಲ ದೈವತ್ವದಿಂದ ಇಳಿಸಿ ಬೆವರು, ಹಸಿವು, ಮುಪ್ಪು ಇರುವ ಮನುಷ್ಯರನ್ನಾಗಿ ಮಾಡಿದರು. 2017ರ ‘ಉತ್ತರಕಾಂಡ’ದಲ್ಲಿ ರಾಮಾಯಣವನ್ನು ಸೀತೆಯ ಬಾಯಿಂದ ಹೇಳಿಸಿದರು. ಸೀತೆಗೆ ಹೇಳಲು ಏನೋ ಉಳಿದಿತ್ತು ಎಂದು ಭೈರಪ್ಪನವರಿಗೆ ಅನ್ನಿಸಬಹುದಾದರೆ, ಕಾತ್ಯಾಯನಿಗೆ ಏನೋ ಉಳಿದಿತ್ತು ಎಂದು 18 ವರ್ಷದ ಹುಡುಗಿಗೆ ಅನ್ನಿಸಬಾರದೇ? ಪ್ರತಿಭೆಯಲ್ಲಿ ಆನೆ ಇರುವೆಯ ಅಂತರ ಇರಬಹುದು. ಮಾಡಿದ ಕೆಲಸ ಒಂದೇ ಜಾತಿಯದು.

ಇಲ್ಲೊಂದು ನ್ಯಾಯವಾದ ಎದುರುಮಾತಿದೆ. ವ್ಯಾಸ ವಾಲ್ಮೀಕಿಯರು ಎಲ್ಲರ ಸೊತ್ತು, ‘ವಂಶವೃಕ್ಷ’ ಹಾಗಲ್ಲ. 1965ರಲ್ಲಿ ಬಂದ ಪುಸ್ತಕ. ಭೈರಪ್ಪನವರು ತೀರಿಕೊಂಡದ್ದು 2025ರ ಸೆಪ್ಟೆಂಬರಿನಲ್ಲಿ. ನಮ್ಮ ಕಾನೂನಿನಂತೆ ಲೇಖಕನ ಹಕ್ಕು ಅವನ ಮರಣದ ನಂತರವೂ 60 ವರ್ಷ ಇರುತ್ತದೆ. ಒಬ್ಬ ಬರಹಗಾರ ವರ್ಷಗಟ್ಟಲೆ ಕೂತು ಕಟ್ಟಿದ ಪಾತ್ರವನ್ನು ಕೇಳದೆ ಎತ್ತಿ ಅಚ್ಚು ಹಾಕಿ ಮಾರುವುದು ಅನ್ಯಾಯವೇ. ಇದನ್ನು ನಾನು ಒಪ್ಪುತ್ತೇನೆ. ಬೇರೆ ಕಡೆಯ ಬರಹಗಾರರೂ ಇದರಲ್ಲಿ ಒಂದೇ ಮನಸ್ಸಿನವರಲ್ಲ. ಹ್ಯಾರಿ ಪಾಟರ್ ಬರೆದ ರೌಲಿಂಗ್ ಇಂಥ ಕತೆಗಳಿಗೆ ಬಹುಮಟ್ಟಿಗೆ ಅಡ್ಡಿ ಮಾಡಲಿಲ್ಲ. ರಕ್ತಪಿಶಾಚಿಗಳ ಕಾದಂಬರಿ ಬರೆದ ಆನ್ ರೈಸ್ ತನ್ನ ಪಾತ್ರಗಳನ್ನು ಮುಟ್ಟಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಆದರೆ ನಮ್ಮ ಹುಡುಗಿ ಅಂಗಡಿ ಇಡಲು ಬಂದಿರಲಿಲ್ಲ. ಅಚ್ಚಿಗೆ ತೊಡಕಿದೆ ಎಂದು ನಾವು ಹೇಳಬಹುದಿತ್ತು, ಸಂಘದ ಓದಿನ ದಿನ ನಮ್ಮ ಮುಂದೆ ಓದು ಎನ್ನಬಹುದಿತ್ತು. ನಾವು ಕೊಟ್ಟ ಕಾರಣ ಹಕ್ಕಿನದಲ್ಲ. ಮುಟ್ಟಲು ನೀನು ಯಾರು ಎಂಬುದು ನಾವು ಕೊಟ್ಟ ಕಾರಣ.

ಪಾತ್ರಗಳ ಮಾತಾಯಿತು. ಜೀವಂತ ಮನುಷ್ಯರ ಗತಿ ಏನು? ಸಿನಿಮಾ ನಟರು, ಹಾಡುಗಾರರು, ಆಟಗಾರರು, ಇವರ ಮೇಲೂ ಅಭಿಮಾನಿಗಳು ಕತೆ ಕಟ್ಟುತ್ತಾರೆ. ಇದೂ ಹೊಸತಲ್ಲ. 1826ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬ ತನ್ನ ಮಗನಿಗೆ ಮರದ ಸಿಪಾಯಿಗಳ ಪೆಟ್ಟಿಗೆ ತಂದುಕೊಟ್ಟ. ಮಕ್ಕಳು ಒಂದೊಂದು ಬೊಂಬೆ ಆರಿಸಿಕೊಂಡರು. ದೊಡ್ಡ ಹುಡುಗಿ ತನ್ನ ಸಿಪಾಯಿಗೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಿಟ್ಟಳು. ವೆಲಿಂಗ್ಟನ್ ಆಗ ಬದುಕಿದ್ದ. ನೆಪೋಲಿಯನ್ನನನ್ನು ಸೋಲಿಸಿದ ದೇಶದ ಹೀರೋ, ಎರಡು ವರ್ಷದ ಮೇಲೆ ಪ್ರಧಾನಿಯೂ ಆದ. ಆ ಮಕ್ಕಳು ಅವನಿಗೂ ಅವನ ಮಕ್ಕಳಿಗೂ ಇಲ್ಲದ ರಾಜ್ಯ ಕಟ್ಟಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಂಗೈಯೊಳಗೆ ಅಡಗುವ ಪುಸ್ತಕಗಳನ್ನು ವರ್ಷಗಟ್ಟಲೆ ಬರೆದರು. ಆ ಹುಡುಗಿ ಷಾರ್ಲಟ್ ಬ್ರಾಂಟೆ; 1847ರಲ್ಲಿ ‘ಜೇನ್ ಐರ್’ ಬರೆದವಳು. ನಮ್ಮಲ್ಲಿಯೂ 10ನೆಯ ಶತಮಾನದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನೂ ಅರ್ಜುನನನ್ನೂ ಒಬ್ಬನೇ ಎಂದು ಹೊಂದಿಸಿ ಭಾರತ ಬರೆದ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ತಾನು ಮೆಚ್ಚಿದ ದೊರೆಗೆ ತಾನು ಮೆಚ್ಚಿದ ಕತೆಯ ಅಂಗಿ ತೊಡಿಸುವ ಆಸೆ ಮಹಾಕವಿಗೂ ಇತ್ತು.

ದೂರದಲ್ಲಿರುವ ಪ್ರಸಿದ್ಧ ಮನುಷ್ಯ ಅರ್ಧ ಖಾಲಿ ಇರುವ ಪಾತ್ರೆ. ಮುಖ, ದನಿ, ನಡಿಗೆ ಮಾತ್ರ ನಮಗೆ ಗೊತ್ತು. ಉಳಿದದ್ದನ್ನು ನಾವೇ ತುಂಬುತ್ತೇವೆ. ಪ್ರೀತಿ ಮಾಡುವುದು ಹೇಗೆ, ಜಗಳವಾಡಿ ರಾಜಿಯಾಗುವುದು ಹೇಗೆ ಎಂದು ಯಾರೂ ಕಲಿಸದ ವಯಸ್ಸಿನಲ್ಲಿ ಹುಡುಗ ಹುಡುಗಿಯರು ಆ ಪಾತ್ರೆಯಲ್ಲಿ ತಮ್ಮ ಬದುಕನ್ನು ಹಾಕಿ ಅಲುಗಾಡಿಸಿ ನೋಡುತ್ತಾರೆ. ಅಷ್ಟರ ಮಟ್ಟಿಗೆ ನನಗೆ ಸಹಾನುಭೂತಿ ಇದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಕಾತ್ಯಾಯನಿಗೆ ನೋವಾಗುವುದಿಲ್ಲ, ಸ್ಪಾಕ್ ನಮ್ಮ ಕತೆ ಓದುವುದಿಲ್ಲ. ಜೀವಂತ ಮನುಷ್ಯ ಓದುತ್ತಾನೆ, ಅವನ ತಾಯಿಯೂ ಓದುತ್ತಾಳೆ.

‘ಒನ್ ಡೈರೆಕ್ಷನ್’ ಎಂಬ ಬ್ರಿಟಿಷ್ ಹುಡುಗರ ಹಾಡಿನ ತಂಡದ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆ ತಂಡದ ಹ್ಯಾರಿ ಸ್ಟೈಲ್ಸ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಆನಾ ಟಾಡ್ ಎಂಬ ಅಭಿಮಾನಿ 2013ರಲ್ಲಿ ಕಂತು ಕಂತಾಗಿ ಬರೆದ ‘ಆಫ್ಟರ್’ ಕತೆ, ಹೆಸರು ಬದಲಾಯಿಸಿಕೊಂಡು ಮರುವರ್ಷ ಪುಸ್ತಕವಾಯಿತು, 2019ರಲ್ಲಿ ಸಿನಿಮಾ ಆಯಿತು. ಅದೇ ತಂಡದ ಇಬ್ಬರು ಗೆಳೆಯರ ನಡುವೆ ಪ್ರೇಮವಿದೆ ಎಂದು ಇನ್ನು ಕೆಲವರು ಕತೆ ಬರೆದರು. ಕತೆಯಾಗಿ ಉಳಿದಿದ್ದರೆ ಒಂದು ಮಾತು. ಅದು ನಿಜವೆಂದೇ ನಂಬಿ, ಅವರ ಒಂದೊಂದು ನೋಟಕ್ಕೂ ಸಾಕ್ಷಿ ಹುಡುಕುವವರು ಹುಟ್ಟಿಕೊಂಡರು. ಇಬ್ಬರಲ್ಲೊಬ್ಬನಾದ ಲೂಯಿ ಟಾಮ್ಲಿನ್ಸನ್, ಇದರಿಂದ ತಮ್ಮ ಗೆಳೆತನದ ಸಹಜತೆಯೇ ಕೆಟ್ಟಿತು ಎಂಬರ್ಥದಲ್ಲಿ ಆಮೇಲೆ ಹೇಳಿಕೊಂಡಿದ್ದಾನೆ. ಜೊತೆಯಲ್ಲಿ ನಿಂತು ನಗುವುದಕ್ಕೂ ಹಿಂದೆ ಮುಂದೆ ನೋಡುವಂತಾದರೆ ಅಭಿಮಾನಿಯ ಪ್ರೀತಿ ಕಾಟವಾಯಿತೆಂದೇ ಅರ್ಥ.

ಹಾಗಾದರೆ ಗೆರೆ ಎಲ್ಲಿ? ನನಗೆ ತೋಚಿದ್ದು ಇಷ್ಟು. ಕತೆಯನ್ನು ಕತೆಯೆಂದೇ ಹೇಳಬೇಕು. ಬದುಕಿರುವವರ ಹೆಸರನ್ನು ಅವರ ಖಾಸಗಿ ಬದುಕಿನ ಬಾಗಿಲು ತಟ್ಟಲು ಬಳಸಬಾರದು; ಹೆಸರು ಬದಲಿಸಿದರೆ ಕತೆ ನಿಲ್ಲುತ್ತದೆಯೇ ನೋಡಬೇಕು. ನಿಂತರೆ ಆ ಹೆಸರು ಬೇಕಾಗಿಯೇ ಇರಲಿಲ್ಲ. ನಿಲ್ಲದಿದ್ದರೆ ನಾವು ಬರೆದದ್ದು ಕತೆಯೋ ಚಾಡಿಯೋ ಎಂದು ಕೇಳಿಕೊಳ್ಳಬೇಕು. ಪಾತ್ರಗಳ ವಿಷಯದಲ್ಲಿ ಮಾತ್ರ ನಾನು ಧಾರಾಳಿ: ಯಾರ ಪಾತ್ರವೆಂದು ಮೊದಲೇ ಹೇಳು, ಮಾರಬೇಡ, ಮಿಕ್ಕಂತೆ ನಿನ್ನ ಮನಸ್ಸು.

ಈ ವರ್ಷದ ಆಯ್ಕೆ ಸಮಿತಿಗೆ ನನ್ನದೊಂದು ಅರಿಕೆ. ಸಂಘದ ತಿಂಗಳ ಓದಿನಲ್ಲಿ ಒಂದು ಸಂಜೆಯನ್ನು ಇಂಥ ಕತೆಗಳಿಗೆ ಕೊಡಿ. ‘ಸಂಸ್ಕಾರ’ದ ಚಂದ್ರಿ ಆಮೇಲೆ ಎಲ್ಲಿಗೆ ಹೋದಳು, ‘ಚೋಮನ ದುಡಿ’ಯ ಬೆಳ್ಳಿ ತಂದೆ ಸತ್ತ ಮೇಲೆ ಏನು ಮಾಡಿದಳು ಎಂದು ಯಾರಿಗೆ ಅನ್ನಿಸಿದೆಯೋ ಅವರು ಬಂದು ಓದಲಿ. ಬರೆಯಬೇಕೆಂದರೆ ಮೂಲ ಪುಸ್ತಕವನ್ನು ಎರಡು ಸಲವಾದರೂ ಓದಬೇಕಾಗುತ್ತದೆ. ಈ ಊರಿನಲ್ಲಿ ಹುಟ್ಟಿ ಬೆಳೆದ, ಕನ್ನಡವನ್ನು ಮನೆಯಲ್ಲಿ ಮಾತ್ರ ಕೇಳಿದ ಹುಡುಗರು ಕನ್ನಡ ಕಾದಂಬರಿಯನ್ನು ಎರಡು ಸಲ ಓದಿದರೆ ಸಂಘ ಕಟ್ಟಿದ್ದು ಸಾರ್ಥಕವಲ್ಲವೆ?

ಕೊನೆಯದಾಗಿ, ಈಗ ಎರಡನೆಯ ವರ್ಷದಲ್ಲಿರುವ ಆ ತಂಗಿಗೆ. ಈ ಸಂಚಿಕೆ ನಿನ್ನ ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆ ದಿನ ನೀನು ಕೇಳಿದ ಪ್ರಶ್ನೆಗೆ ಉತ್ತರ ನನ್ನಲ್ಲಿ ಈಗಲೂ ಇಲ್ಲ. ಆದರೆ ಒಂದು ವರ್ಷದಿಂದ ನನಗೂ ಒಂದು ಪ್ರಶ್ನೆ ಕಾಡುತ್ತಿದೆ. ಮಗ ಬರೆದ ಆ ಕಾಗದದಲ್ಲಿ ಏನಿತ್ತು? ಆ 12 ಪುಟ ಇನ್ನೂ ಇದ್ದರೆ ತಗೊಂಡು ಬಾ. ಈ ಸಲ ನಾನು ಕೂತು ಕೇಳುತ್ತೇನೆ.